ಖಾಲಿ ಡಬ್ಬಿ ಕಳಿಸಬಾರದು

ತಿಕೋಟಾದಿಂದ ವಿಜಯಪುರಕ್ಕೆ ಬೆಳಿಗ್ಗೆ ಹೊರಡುವ ಬಸ್ಸಿಗೆ ಜನರಿಗಿಂತ ಮೊದಲು ಬುತ್ತಿಗಳು ಹತ್ತುತ್ತವೆ. ಡ್ರೈವರನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ, ಒಂದಕ್ಕೊಂದು ಮೈ ಹಚ್ಚಿಕೊಂಡು, ಬಟ್ಟೆಯಲ್ಲಿ ಕಟ್ಟಿದ ಡಬ್ಬಿಗಳು ಕೂತಿರುತ್ತವೆ. ಶಹರದಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುವ ಮಕ್ಕಳಿಗೆ ಊರಿನಿಂದ ರೊಟ್ಟಿ ಕಟ್ಟಿ ಕಳಿಸುವುದು ಈ ಸೀಮೆಯ ಹಳೇ ರೂಢಿ. ಆದರೆ ಹೆಂಡತಿ ಮಗಳಿರುವ, ಶಹರದಲ್ಲೇ ಇಪ್ಪತ್ತು ವರ್ಷ ಉಂಡು ತಲೆ ನರೆಸಿಕೊಂಡ ಗಂಡಸಿಗೆ ಬುತ್ತಿ ಬರುತ್ತದೆಂದರೆ ಕಂಡಕ್ಟರ್ ಗೈಬುಸಾಬನಿಗೂ ಸುಮ್ಮನಿರಲಾಗಲಿಲ್ಲ.

“ಯಾಕ್ರಿ ಅಕ್ಕಾರ, ಮನ್ಯಾಗ ಒಲಿ ಹೊತ್ತವಲ್ದೇನ್ರಿ?” ಎಂದು ಮೊದಲನೇ ದಿನವೇ ಕೇಳಿದ.

“ಹೊತ್ತತೈತ್ರಿ. ಬರೇ ಹೊಟ್ಟಿ ಉರೀತೈತಿ,” ಎಂದು ಸೌಭಾಗ್ಯ ಡಬ್ಬಿ ಇಸಿದುಕೊಂಡಳು.

ಅವಳ ಗಂಡ ಸಂಗನಬಸವ ಸ್ಟೇಷನ್ ರಸ್ತೆಯ ಒಣದ್ರಾಕ್ಷಿ ಅಂಗಡಿಯೊಂದರಲ್ಲಿ ತೂಕದ ಕಾಂಟಾ ಮುಂದೆ ಕೂರುವವನು. ಹುಟ್ಟೂರು ತಿಕೋಟಾ. ಒಂದು ಮಧ್ಯಾಹ್ನ ದ್ರಾಕ್ಷಿ ಪೆಟ್ಟಿಗೆ ಏರಿಸುತ್ತಿದ್ದವನು ಎದೆ ಹಿಡಿದುಕೊಂಡು ಕಾಂಟಾದ ಮೇಲೇ ಕೂತುಬಿಟ್ಟಿದ್ದ. ಅಂಗಡಿಯವರು ಆಟೋದಲ್ಲಿ ಹಾಕಿ ದವಾಖಾನೆಗೆ ಒಯ್ದರು. ರಕ್ತನಾಳ ಮುಚ್ಚಿತ್ತು. ಸ್ಟೆಂಟ್ ಹಾಕಿ ಉಳಿಸಿದರು.

ಬಿಡುಗಡೆಯ ದಿನ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: “ಇಲ್ಲೇ ಹುಟ್ಟಿ ಬೆಳೆದವರಿಗಿಂತ ಹಳ್ಳಿಯಿಂದ ಬಂದು ನೆಲೆಸಿದವರೇ ನನ್ನ ಹತ್ತಿರ ಹೆಚ್ಚು ಬರ್ತಾರೆ. ಬರುವಾಗ ಕಲ್ಲಿನಂಥ ಎದೆ ತಂದಿರ್ತಾರೆ. ನಡೆಯೋದು ಬಿಡ್ತಾರೆ, ಊರಿನ ಊಟದ ಅಳತೆ ಬಿಡೋದಿಲ್ಲ. ನಿದ್ದೆ ಇಲ್ಲ, ಕಷ್ಟ ಹೇಳಿಕೊಳ್ಳೋಕೆ ತಮ್ಮವರು ಅಂತ ಪಕ್ಕದಲ್ಲಿ ಯಾರೂ ಇಲ್ಲ. ಎದೆ ಎಷ್ಟು ದಿನ ತಡೆದೀತು?” ಆಮೇಲೆ ಬೆರಳೆತ್ತಿ, “ಗುಳಿಗೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಆ ಸ್ಟೆಂಟಿನೊಳಗೇ ರಕ್ತ ಗಡ್ಡೆ ಕಟ್ಟುತ್ತೆ. ಆಗ ನನ್ನ ಕೈಯಲ್ಲೂ ಏನೂ ಇರೋದಿಲ್ಲ,” ಎಂದರು.

ಮೂವರು ಕೇಳಿದರು, ಮೂವರೂ ಬೇರೆ ಬೇರೆ ಕೇಳಿಸಿಕೊಂಡರು. ಕೊನೆಯ ಮಾತು ಸೌಭಾಗ್ಯಳ ಕಿವಿಗೆ ಮಾತ್ರ ಬಿತ್ತು. ಅವಳ ಅತ್ತೆ ಅಕ್ಕನಾಗಮ್ಮ ಕಲ್ಲಿನಂಥ ಎದೆಯನ್ನು ಹಿಡಿದುಕೊಂಡಳು. ಸೌಭಾಗ್ಯಳ ಅಪ್ಪ ಬಸಗೊಂಡಪ್ಪ ‘ಇಲ್ಲೇ ಹುಟ್ಟಿ ಬೆಳೆದವರು’ ಎಂಬುದನ್ನು ಬಿರುದಿನ ಹಾಗೆ ಹೆಗಲ ಮೇಲೆ ಹಾಕಿಕೊಂಡ.

ಮನೆಗೆ ಬಂದು ಸಂಗನಬಸವನನ್ನು ಮಂಚದ ಮೇಲೆ ಮಲಗಿಸಿ ಚಹಾ ಕುಡಿಯುವಷ್ಟರಲ್ಲಿ ಜಗಳ ಹತ್ತಿತು.

“ಕೇಳಿದ್ರಿಲ್ಲೋ ಬೀಗ್ರ?” ಎಂದಳು ಅಕ್ಕನಾಗಮ್ಮ. “ಡಾಕ್ಟರ್ ಬಾಯಿಂದನ ಬಂತು. ನನ್ನ ಮಗ ಕಲ್ಲಿನಂಥ ಎದಿ ತಗೊಂಡ ಬಂದಿದ್ದ. ನಿಮ್ಮ ಶಹರ ತಿಂದ ಹಾಕ್ತು.”

“ಶಹರ ಏನ್ ಹುಲಿ ಐತೇನ್ರಿ ತಿನ್ನಾಕ? ನಾನೂ ಇಲ್ಲೇ ಹುಟ್ಟೇನಿ, ಇಲ್ಲೇ ಮುದುಕ ಆಗೇನಿ. ದಿನಾ ಮುಂಜಾನೆ ಸಿದ್ಧೇಶ್ವರ ಗುಡಿಗೆ ನಡಕೋತ ಹೋಗಿ, ಬರೂವಾಗ ಎರಡು ಮಿರ್ಚಿಭಜಿ ತಿಂದ ಬರತೇನಿ. ನನ್ನ ಎದಿ ಇವತ್ತಿನ ತನಕ ಹಾಂ ಅಂದಿಲ್ಲ, ಹೂಂ ಅಂದಿಲ್ಲ.”

“ಎದಿ ಅನ್ನೂದು ಇದ್ರ ಅಲ್ಲೇನ್ರಿ ಅನ್ನೂದು?”

ಪಿಯುಸಿ ಓದುವ ಮೊಮ್ಮಗಳು ನೇತ್ರಾ ಕಿಸಕ್ಕನೆ ನಕ್ಕಳು. ಸೌಭಾಗ್ಯ ಅವಳನ್ನು ಕಣ್ಣಲ್ಲೇ ಒಳಗೆ ಅಟ್ಟಿದಳು.

“ಇನ್ನ ಮುಂದ ನನ್ನ ಮಗನ ಊಟ ತಿಕೋಟಾದಿಂದ ಬರತೈತಿ,” ಎಂದು ಅಕ್ಕನಾಗಮ್ಮ ತೀರ್ಪು ಕೊಟ್ಟಳು. “ನಮ್ಮ ಹೊಲದ ಜ್ವಾಳ, ನಮ್ಮ ಹಿತ್ತಲದ ತೊಪ್ಪಲ. ಸೌಭಾಗ್ಯಾ, ನೀ ಬ್ಯಾಸರ ಆಗಬ್ಯಾಡ ಬೇ. ನಿನ್ನ ಕೈಯಾಗ ಎಣ್ಣಿ ಭಾಳ ಐತಿ.”

ಸೌಭಾಗ್ಯ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ಅತ್ತೆ ಬಸ್ಸು ಹತ್ತಿದ ಮೇಲೆ, “ಹೋಗ್ಲಿ ಬಿಡ. ಹಿರಿ ಜೀವ, ಅಕಿಗೂ ಸಮಾಧಾನ ಬೇಕಲ್ಲ? ನಾಕ ದಿನ ಕಳಿಸ್ಯಾಳು, ಆಮ್ಯಾಲ ತಾನ ಬಿಟ್ಟಾಳು,” ಎಂದ.

ಬಿಡಲಿಲ್ಲ. ತೆಳ್ಳಗೆ ಬಡಿದ ರೊಟ್ಟಿ, ಬೇಯಿಸಿದ ಹೆಸರುಕಾಳು, ಪುಂಡಿಪಲ್ಯ, ಹಸಿ ಹಕ್ಕರಕಿ ಸೊಪ್ಪು. ಮಾಡುವವಳು ಅಕ್ಕನಾಗಮ್ಮನ ಹಿರಿಸೊಸೆ ಭಾಗ್ಯಾ. ಸೌಭಾಗ್ಯ ಒಂದು ದಿನ ತುಸು ಬಾಯಿಗೆ ಹಾಕಿಕೊಂಡು ನೋಡಿದಳು. ಉಪ್ಪಿಲ್ಲ, ಎಣ್ಣೆಯ ಹನಿಯಿಲ್ಲ. ತಪ್ಪು ಹಿಡಿಯಲು ಏನೂ ಸಿಗದೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಒಂದೇ ಮನೆಯಲ್ಲಿ ಎರಡು ಊಟ ಶುರುವಾಯಿತು. ಅವಳೂ ಮಗಳೂ ಗಡಿಗೆಯದು, ಅವನು ಡಬ್ಬಿಯದು. ಪಕ್ಕದ ಮನೆಯ ಅಬೇದಾ, “ಏನಕ್ಕಾ, ನಿನ್ನ ಗಂಡ ನಿನ್ನ ಮನ್ಯಾಗ ಬಾಡಿಗಿಗೆ ಅದಾನೇನ?” ಎಂದು ಚಾಷ್ಟಿ ಮಾಡಿದಳು. ಸೌಭಾಗ್ಯ ನಕ್ಕಳು, ಒಳಗೆ ಬಂದು ಪಾತ್ರೆಗಳನ್ನು ಜೋರಾಗಿ ತಿಕ್ಕಿದಳು.

ಖಾಲಿ ಡಬ್ಬಿ ತಿರುಗಿ ಕಳಿಸಬಾರದು ಎಂಬುದು ಅವಳ ತವರಿನಲ್ಲೂ ಇತ್ತು, ಅತ್ತೆಯ ಮನೆಯಲ್ಲೂ ಇತ್ತು. ಎರಡು ಮನೆಗಳು ಒಪ್ಪುತ್ತಿದ್ದ ಮಾತು ಬಹುಶಃ ಅದೊಂದೇ. ಜಗಳ ಏನೇ ಇರಲಿ, ಕಾಗದದಲ್ಲಿ ಒಂದು ಚಮಚ ಸಕ್ಕರೆ ಸುತ್ತಿ ಡಬ್ಬಿಯಲ್ಲಿಟ್ಟು ಅವಳು ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಬರುತ್ತಿದ್ದಳು. ಮೊದಲ ವಾರ ಕಳೆಯುವಷ್ಟರಲ್ಲಿ ಸಂಗನಬಸವನೇ ಎದ್ದು ನಿಂತ.

“ಡಾಕ್ಟರ್ ನಡೀ ಅಂದಾರಲ್ಲ, ಸ್ಟ್ಯಾಂಡಿನ ತನಕ ನಾನ ಹೋಗಿ ಕೊಟ್ಟು ಬರತೇನಿ. ಡಬ್ಬೀನೂ ನಾನ ತೊಳೀತೇನಿ ಬಿಡ.”

“ಸಕ್ರಿ?”

“ಅದೂ ನಾನ ಕಟ್ಟತೇನಿ.”

ಉಂಡ ತಾಟು ಎತ್ತಿಡದ ಗಂಡಸು! ನೀರಿನ ಕೊಳಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಡಬ್ಬಿ ತೊಳೆಯುವುದನ್ನು ಸೌಭಾಗ್ಯ ಬಾಗಿಲಲ್ಲಿ ನಿಂತು ನೋಡಿದಳು. ಎದೆನೋವು ಬಂದದ್ದೂ ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತೇನೋ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಗಲ್ಲ ಬಡಿದುಕೊಂಡಳು. ಅಪ್ಪ ಬಂದಾಗ ಹೇಳಿಕೊಂಡಳು ಸಹ.

“ಅಳಿಯಂದ್ರು ಡಬ್ಬಿ ತೊಳ್ಯಾಕತ್ತಾರಂದ್ರ, ಅವರು ಹಾಕಿದ್ದು ಸ್ಟೆಂಟ್ ಅಲ್ಲವ್ವಾ, ಬುದ್ಧಿ,” ಎಂದ ಬಸಗೊಂಡಪ್ಪ.

ತಂಬಾಕನ್ನೂ ಸಂಗನಬಸವ ಬಿಟ್ಟಿದ್ದ. ಸೊಂಟದಲ್ಲಿ ಸದಾ ಇರುತ್ತಿದ್ದ ಸುಣ್ಣದ ಡಬ್ಬಿಯನ್ನು ಗಟಾರಕ್ಕೆ ಒಗೆದೆ ಎಂದು ಹೇಳಿದ್ದ. ಬೆಳಿಗ್ಗೆ ಅವಳು ಅಂಗೈಗೆ ಗುಳಿಗೆ ಕೊಟ್ಟರೆ ತಂಬಿಗೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ನುಂಗಿ ಬರುತ್ತಿದ್ದ. ಅವಳು ಚಹಾ ಉಕ್ಕೀತೆಂದು ಒಲೆಯ ಕಡೆ ತಿರುಗುತ್ತಿದ್ದಳು. ದಿನಾ ಹೀಗೇ.

ಇಷ್ಟೆಲ್ಲ ಇದ್ದೂ ಅವನು ಚೇತರಿಸಿಕೊಳ್ಳಲಿಲ್ಲ. ಕಣಕಾಲು ಬಾತವು. ಮಹಡಿಯ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ತಪಾಸಣೆಗೆ ಹೋದಾಗ ಡಾಕ್ಟರು ಬಿಪಿ ನೋಡಿ, ಮತ್ತೊಮ್ಮೆ ಪಟ್ಟಿ ಸುತ್ತಿ ನೋಡಿ, “ಗುಳಿಗೆ ಸರಿಯಾಗಿ ತಗೋತಿದ್ದೀರಾ?” ಎಂದು ಕೇಳಿದರು.

“ನಾನ ದಿನಾ ಕೈಯಾಗ ಕೊಡತೇನ್ರಿ ಸಾಹೇಬ್ರ,” ಎಂದು ಗಂಡನಿಗಿಂತ ಮೊದಲು ಸೌಭಾಗ್ಯ ಉತ್ತರ ಕೊಟ್ಟಳು. ಹೆಮ್ಮೆಯಿಂದಲೇ ಕೊಟ್ಟಳು.

“ಹಾಗಾದರೆ ಊಟದಲ್ಲಿ ಏನೋ ತಪ್ಪುತ್ತಿದೆ. ಸದ್ಯ ಹೊರಗೆ ಓಡಾಡುವುದು ಬೇಡ, ಮನೆಯಲ್ಲೇ ಇರಿ.”

ಆ ಮಾತು ತಿಕೋಟಾ ಮುಟ್ಟಿದ್ದೇ ತಡ, ಸಂಜೆ ಊಟದ ಹೊತ್ತಿಗೆ ಫೋನು ಬಂತು. ಅಕ್ಕನಾಗಮ್ಮನ ದನಿ ಮನೆಯ ತುಂಬ ಕೇಳಿಸಿತು.

“ಡಬ್ಬಿ ಊಟದ ಮ್ಯಾಲ ನೀ ಏನ್ ತಿನಸಾಕತ್ತೀ ಅವಂಗ?”

“ನಿಮ್ಮ ರೊಟ್ಟೀನ ಸಂಜೀಕೂ ಇಡತೇನ್ರಿ ಅತ್ತೀ. ಬ್ಯಾರೆ ಒಂದ ತುತ್ತು ಕೊಟ್ಟಿದ್ರ ನನ್ನ ಕೈ ಸೇದಿ ಹೋಗ್ಲಿ.”

“ಆಣಿ ಇಟ್ರ ಬಿಪಿ ಇಳೀತೈತೇನ? ನಾ ಇಲ್ಲಿಂದ ಅಮೃತ ಕಳಸಾಕತ್ತೇನಿ, ಅಲ್ಲಿ ವಿಷ ಆಗಾಕತ್ತೈತಿ.”

ಫೋನು ಇಟ್ಟ ಸೌಭಾಗ್ಯಳಿಗೆ ನೇತ್ರಾಳ ಕಾಲೇಜು ಚೀಲದಿಂದ ಚುರುಮುರಿ ಗಿರಮಿಟ್ಟಿನ ವಾಸನೆ ಬಂದಂತಾಯಿತು.

“ನೀ ತಂದ ಕೊಟ್ಟೀಯೇನ ಪಪ್ಪಾಗ?”

“ನಾ ಯಾಕ ಕೊಡ್ಲೆವ್ವಾ? ನಾ ತಿಂದಿದ್ದು, ಗೆಳತ್ಯಾರ ಜೋಡಿ.”

“ಸುಳ್ಳ ಹೇಳ್ತೀ? ಅಪ್ಪನ ಜೀವದ ಜೋಡಿ ಆಟ ಆಡ್ತೀ?” ಎಂದು ಕೆನ್ನೆಗೆ ಬಾರಿಸಿಯೇಬಿಟ್ಟಳು. ಬೆಳೆದ ಮಗಳಿಗೆ ಹೊಡೆದದ್ದು ಅದೇ ಮೊದಲು. ನೇತ್ರಾ ಅಳಲೂ ಮರೆತು ಅಪ್ಪನ ಕಡೆ ನೋಡಿದಳು. ಸಂಗನಬಸವ ತಾಟಿನಲ್ಲಿ ರೊಟ್ಟಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮುರಿಯುತ್ತಿದ್ದ.

ಮರುದಿನ ಅವನು ಏಳುವ ಮೊದಲೇ ಸೌಭಾಗ್ಯ ಸಕ್ಕರೆ ಕಟ್ಟಿಟ್ಟಿದ್ದಳು. ಮಧ್ಯಾಹ್ನ ಅವನು ಉಂಡು ಕೈತೊಳೆಯುವಷ್ಟರಲ್ಲಿ ಡಬ್ಬಿ ತೊಳೆದು, ಸಕ್ಕರೆ ಹಾಕಿ, ಬಟ್ಟೆ ಕಟ್ಟಿ ಹೊರಟಳು.

“ನಾ ಕಟ್ಟತಿದ್ದೆ, ತಾ ಇಲ್ಲಿ,” ಎಂದು ಅವನು ಕೈ ಚಾಚಿದ. ಮುಖ ಬಿಳಿಚಿತ್ತು.

“ಡಾಕ್ಟರ್ ಏನಂದಾರ? ಸುಮ್ಮ ಮಲಗ್ರಿ.”

ಬಸ್ ಸ್ಟ್ಯಾಂಡಿನಲ್ಲಿ ಗೈಬುಸಾಬ ಡಬ್ಬಿ ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ.

“ಏನ್ರಿ ಅಕ್ಕಾರ, ಇವತ್ತ ಡಬ್ಬಿ ಮಾತಾಡವಲ್ದು?”

“ಡಬ್ಬಿ ಏನ್ ಮಾತಾಡತೈತ್ರಿ?”

“ಒಂದ ದಿನ ಬಿಟ್ಟ ಒಂದ ದಿನ ಛುಳ್ ಛುಳ್ ಅಂತಿತ್ತು. ಅಲ್ಲೆ ನಿಮ್ಮ ಭಾವಾರು ಸ್ಟ್ಯಾಂಡಿನಾಗ ಕಾಯಕೋತ ನಿಂತಿರ್ತಾರ. ನನ್ನ ಕೈಯಾಗಿಂದ ಕಸಗೊಂಡವರ ಮೊದಲ ಅಲ್ಲಾಡಿಸಿ ನೋಡ್ತಾರ. ನಾ ಏನ ಬಂಗಾರ ತಂದೇನೇನೋ ಅನ್ನೂವಂಗ!”

ಗೈಬುಸಾಬ ನಗುತ್ತಿದ್ದ. ಸೌಭಾಗ್ಯ ಅವನ ಕೈಯಿಂದ ಡಬ್ಬಿ ತಿರುಗಿ ಇಸಿದುಕೊಂಡಳು, ಒಂದು ಕ್ಷಣ ನಿಂತಳು, ಮತ್ತೆ ಅವನಿಗೇ ಕೊಟ್ಟಳು. “ಅವರ ಕೈಯಾಗ ನೀವ ಕೊಡ್ರಿ. ನಾನೂ ಬರತೇನಿ,” ಎಂದು ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ದ್ರಾಕ್ಷಿ ಪಡಗಳು ಹಿಂದೆ ಸರಿದವು. ಅವಳು ಏನನ್ನೂ ನೋಡಲಿಲ್ಲ.

ತಿಕೋಟಾದಲ್ಲಿ ಅವಳ ಭಾವ, ಸಂಗನಬಸವನ ಅಣ್ಣ ಪರಗೊಂಡ ನಿಂತಿದ್ದ. ಬೇರೆಯವರ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಆಳುಗಳ ಮೇಸ್ತ್ರಿ ಅವನು. ಆನೆಯಂಥ ಆಳು ಎಂದು ಹೆಸರು. ಬಸ್ಸು ನಿಲ್ಲುತ್ತಲೇ ಡಬ್ಬಿ ಇಸಿದುಕೊಂಡ, ಅಲ್ಲಾಡಿಸಿದ, ಹುಬ್ಬು ಗಂಟಿಕ್ಕಿ ಅಲ್ಲೇ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದ.

“ಬರೇ ಸಕ್ರಿ! ಸುಣ್ಣದ ಡಬ್ಬಿ ಎಲ್ಲೈತೋ ಗೈಬು? ಅದರಾಗ ಗುಳಗಿ ಇರ್ತಾವಲ್ಲ?”

ಗೈಬುಸಾಬ ಅವನ ಹಿಂದಕ್ಕೆ ನೋಡಿದ. ಪರಗೊಂಡ ತಿರುಗಿದ. ಬಸ್ಸಿನಿಂದ ಇಳಿದ ಸೌಭಾಗ್ಯ ಸೆರಗು ಹೊದ್ದು ನಿಂತಿದ್ದಳು.

“ಯಾವ ಗುಳಗಿ ಭಾವಾರ?”

ಮನೆಯವರೆಗೆ ಅವನು ಮುಂದೆ, ಅವಳು ಹಿಂದೆ. ನಡುವೆ ಎರಡು ಸಲ ಅವನು ಉಸಿರಿಗಾಗಿ ನಿಂತ. ಆನೆಯಂಥ ಆಳು.

ಅಕ್ಕನಾಗಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಸೊಸೆಯ ಮುಖ ನೋಡಿ ವಿಷಯ ತಿಳಿದುಹೋಯಿತು. ಆದರೂ ಕೈ ನಿಲ್ಲಿಸಲಿಲ್ಲ.

“ಹೌದು, ನಾನ ತರಿಸೇನಿ,” ಎಂದಳು. “ದೀಪಾವಳಿ ಹಿಡದು ಇವಂಗೂ ಎದಿ ಹಿಡೀತೈತಿ. ತಮ್ಮಗ ಗುಣ ಕೊಟ್ಟ ಗುಳಗಿ ಅಣ್ಣಗ ಕೊಡೂದಿಲ್ಲೇನ? ಒಂದ ಹೊಟ್ಯಾಗ ಹುಟ್ಟ್ಯಾರ, ಒಂದ ಹಾಲು ಕುಡದಾರ. ಬ್ಯಾನಿ ಒಂದ, ಮದ್ದೂ ಒಂದ. ಒಂದ ದಿನ ಅವಂದು, ಒಂದ ದಿನ ಇವಂದು. ಹೊಲ ಪಾಲ ಮಾಡಿಲ್ಲೇನ? ದನ ಪಾಲ ಮಾಡಿಲ್ಲೇನ?”

“ಹೊಲ ಪಾಲ ಮಾಡಿದ್ರ ಇಬ್ಬರಿಗೂ ಅರ್ಧ ಬೆಳಿ ಸಿಗತೈತಿ ಅತ್ತೀ. ಗುಳಗಿ ಪಾಲ ಮಾಡಿದ್ರ ಇಬ್ಬರೂ ಸಾಯ್ತಾರ.”

“ಬಾಯಾಗ ಒಳ್ಳೇದ ಬರಲಿ!”

“ನಿಮ್ಮ ಬಾಯಾಗ ಏನ್ ಬಂತು ನಿನ್ನೆ? ವಿಷ ಹಾಕಾಕತ್ತೀ ಅಂದ್ರಿ. ಬಿಪಿ ಯಾಕ ಇಳದಿಲ್ಲ ಅನ್ನೂದು ಗೊತ್ತಿದ್ದೂ ಅಂದ್ರಿ. ನಾ ಮಗಳಿಗೆ ಹೊಡದೆ.”

ಅಕ್ಕನಾಗಮ್ಮ ಒಂದು ಹುಣಸೆಬೀಜವನ್ನು ಬಹಳ ಹೊತ್ತು ಬಿಡಿಸಿದಳು.

“ದವಾಖಾನಿಗೆ ಯಾಕ ಬರಲಿಲ್ಲ ಭಾವಾರ? ನಮ್ಮ ಮನಿ ಇರ್ಲಿಲ್ಲೇನು?”

ಪರಗೊಂಡ ತಲೆ ತಗ್ಗಿಸಿದ. ಉತ್ತರ ಕೊಟ್ಟವಳು ಅಡುಗೆಮನೆಯ ಬಾಗಿಲಲ್ಲಿದ್ದ ಭಾಗ್ಯಾ. “ನಮ್ಮ ಮಗಳು ಮಾಲಾಗ ಬಬಲೇಶ್ವರದ ವರ ನೋಡೇವಿ ತಂಗೀ. ಹುಡುಗನ ಅಪ್ಪ ಎದಿ ಒಡದ ಸತ್ತಾನ. ಅದಕ್ಕ ಅವರು ಹೆಣ್ಣಿನ ಕಡೆ ಎಲ್ಲಾ ಕೆದಕಿ ಕೇಳ್ತಾರ. ಇಲ್ಲಿ ಗುಳಗಿ ಕೊಂಡ್ರ, ನುಂಗೂದ್ರಾಗ ಬಬಲೇಶ್ವರಕ್ಕ ಸುದ್ದಿ ಮುಟ್ಟತೈತಿ. ತಮ್ಮ ಶಹರಕ್ಕ ಹೋಗಿ ಕೆಟ್ಟ ಅಂದ್ರ ನಂಬತಾರ. ಊರಾಗ ಇದ್ದವಂಗೂ ಬಂದೈತಿ ಅಂದ್ರ ವಂಶದ ಬ್ಯಾನಿ ಅಂತಾರ.”

ತನ್ನ ಒಲೆ, ತನ್ನ ಕೈ, ತನ್ನ ಎಣ್ಣೆ ಇಷ್ಟು ದಿನ ಯಾವ ಕೆಲಸಕ್ಕೆ ಬಂದಿದ್ದವು ಎಂಬುದು ಸೌಭಾಗ್ಯಳಿಗೆ ಆಗ ತಿಳಿಯಿತು. ಮಾಲಾ ನೀರು ತಂದು ಕೊಟ್ಟಳು. “ಕಾಕೀ, ಕುಂಡ್ರು,” ಎಂದಳು. ಆ ಹುಡುಗಿಗೆ ಏನೂ ಗೊತ್ತಿದ್ದಂತಿರಲಿಲ್ಲ.

ಮಾತು ಹೀಗೆ ಮುಗಿಯಿತು: ಬಬಲೇಶ್ವರದಲ್ಲಿ ಸಕ್ಕರೆ ಹಂಚಿ ಸಂಬಂಧ ಗಟ್ಟಿಯಾಗುವವರೆಗೆ ಸೌಭಾಗ್ಯ ಬಾಯಿ ಬಿಡಬಾರದು. ಅದಾದ ಮರುದಿನವೇ ಪರಗೊಂಡ ಶಹರಕ್ಕೆ ಬಂದು ಎದೆ ತೋರಿಸಬೇಕು. ಅಲ್ಲಿಯವರೆಗೆ ಯಾರೂ ಅವಳ ಅಡುಗೆಯ ಹೆಸರೆತ್ತಬಾರದು. ಅಕ್ಕನಾಗಮ್ಮ ದೇವರ ಜಗಲಿ ಮುಟ್ಟಿ ಆಯಿತೆಂದಳು.

ಮನೆಗೆ ಬಂದ ಸೌಭಾಗ್ಯ ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ಕೈ ಚಾಚಿದಳು. “ಸುಣ್ಣದ ಡಬ್ಬಿ ಕೊಡ್ರಿ.”

ಅವನು ದಿಂಬಿನ ಕೆಳಗಿಂದ ತೆಗೆದುಕೊಟ್ಟ. ಒಳಗೆ ಆ ದಿನದ ಗುಳಿಗೆಗಳಿದ್ದವು.

“ಅಣ್ಣ ನನ್ನ ಸಾಲಿ ಕಲಿಸ್ಯಾನ. ತಾ ಕೆಲಸ ಮಾಡಿ ನನ್ನ ಶಹರಕ್ಕ ಕಳಿಸ್ಯಾನ,” ಎಂದ.

“ಹಂಗಾರ ನನಗ ಹೇಳಬೇಕಿಲ್ಲ? ಚೀಟಿ ತೋರಿಸಿ ಅವರನ್ನೂ ಕರಕೊಂಡ ಹೋಗ್ತಿದ್ದೆ.”

“ಹೇಳಬ್ಯಾಡ ಅಂತ ಅವ್ವ ಆಣಿ ಹಾಕ್ಸಿದ್ಲು.”

“ನಮ್ಮ ತಲಿ ಮ್ಯಾಲ ಅಕ್ಕಿಕಾಳು ಹಾಕಿದ್ರಲ್ಲ, ಅದು ಆಣಿ ಅಲ್ಲೇನು?” ಅವಳ ದನಿ ಏರಲಿಲ್ಲ. “ನಾ ದಿನಾ ಕೈಯಾಗ ಕೊಟ್ಟೆ. ನೀವು ದಿನಾ ನನ್ನ ಬೆನ್ನ ಹಿಂದ ಕಿಸೆದಾಗ ಇಟಗೊಂಡ್ರಿ. ಡಾಕ್ಟರ್ ಮುಂದ ನಾ ಎದಿ ಸೆಟೆಸಿ ಉತ್ತರ ಕೊಟ್ಟೆ. ನೇತ್ರಾಗ ಹೊಡೂವಾಗ ರೊಟ್ಟಿ ಮುರಕೋತ ಕುಂತಿದ್ರಿ.”

“ದಿನಾ ಅಲ್ಲ, ದಿನಬಿಟ್ಟ ದಿನ,” ಎಂದ ಸಂಗನಬಸವ. ಅಂದ ಮೇಲೆ ತಾನೇ ನಾಚಿ ಮುಖ ತಿರುಗಿಸಿದ.

ಬಬಲೇಶ್ವರಕ್ಕೆ ಎಲ್ಲರೂ ಹೋದರು. ವರ ಚೇತನಕುಮಾರ ಮೃದು ಮಾತಿನ ಹುಡುಗ. ಅವನ ಅಜ್ಜಿಯೇ ಮನೆಯ ಯಜಮಾನಿ. ಬೆಳ್ಳಿಕೂದಲು, ಚುರುಕು ಕಣ್ಣು. ಹೋಳಿಗೆ, ಎಣ್ಣೆಗಾಯಿ ಬದನೆ, ಕಟ್ಟಿನ ಸಾರು. ಸೌಭಾಗ್ಯ ತುಪ್ಪದ ಗಿಂಡಿ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದಳು. ಪರಗೊಂಡನ ಎಲೆಯ ಮುಂದೆ ಬಂದಾಗ ಅವನು ಎಲೆಗೆ ಕೈ ಅಡ್ಡ ಹಿಡಿದ. ಅವಳೂ ಹಾಕಲಿಲ್ಲ. ಅಷ್ಟು ಮಟ್ಟಿಗೆ ಅವರಿಬ್ಬರಲ್ಲಿ ಒಪ್ಪಂದವಿತ್ತು.

“ನಿಮ್ಮ ಸಣ್ಣ ಮಗಗ ಎದೀದು ಆಗಿತ್ತಂತಲ್ರಿ?” ಎಂದು ಅಜ್ಜಿ ಅಕ್ಕನಾಗಮ್ಮನನ್ನು ಕೇಳಿದಳು.

“ಆಗಿತ್ರಿ. ಊರಾಗ ಇದ್ದಿದ್ರ ಆಗ್ತಿರ್ಲಿಲ್ಲ,” ಎಂದಳು ಅಕ್ಕನಾಗಮ್ಮ. ಮಾತು ಕಲಿತು ಬಂದವಳ ಹಾಗೆ ಸರಾಗವಾಗಿ ಬಂತು. “ನಮ್ಮ ವಂಶದಾಗ ಆ ಬ್ಯಾನೀನ ಇಲ್ರಿ. ಅವ ಶಹರಕ್ಕ ಹೋದ, ಶಹರದಾಕಿನ್ನ ಮಾಡಿಕೊಂಡ, ಶಹರದ ಎಣ್ಣಿ ಉಂಡ. ಡಾಕ್ಟರನ ಅಂದಾರ. ಹಿರ್ಯಾನ್ನ ನೋಡ್ರಿ, ಊರ ಬಿಟ್ಟಿಲ್ಲ. ಕಬ್ಬಿಣ ಇದ್ದಂಗ ಅದಾನ.”

ತುಪ್ಪದ ಗಿಂಡಿ ಹಿಡಿದ ಕೈ ನಿಂತಿತು. ಪರಗೊಂಡ ಎಲೆಯಿಂದ ತಲೆಯೆತ್ತಲಿಲ್ಲ. ಅಜ್ಜಿ ಸಂಗನಬಸವನ ಕಡೆ ತಿರುಗಿದಳು.

“ಹೌದೇನ್ರಿ? ಮನಿ ಊಟದಿಂದನ ಆತೇನು?”

ಇಡೀ ಪಂಕ್ತಿ ಅವನನ್ನು ನೋಡಿತು. ಬಾಗಿಲ ಸಂದಿಯಲ್ಲಿ ಹೊಸ ಸೀರೆಯ ಮಾಲಾ ನಿಂತಿದ್ದಳು. ಅವನು ಅವಳನ್ನು ನೋಡಿದ, ಅಮ್ಮನನ್ನು ನೋಡಿದ, ಕೊನೆಗೆ ಹೆಂಡತಿಯನ್ನೂ ನೋಡಿದ. ಸೌಭಾಗ್ಯ ಹೆಚ್ಚೇನೂ ಬೇಡಿರಲಿಲ್ಲ. ‘ಯಾರಿಗೆ ಗೊತ್ರಿ’ ಎಂದಿದ್ದರೂ ಸಾಕಿತ್ತು. ನಕ್ಕು ಸುಮ್ಮನಾಗಿದ್ದರೂ ಸಾಕಿತ್ತು.

“ಹೌದ್ರಿ,” ಎಂದ ಸಂಗನಬಸವ. “ಊಟದಿಂದನ ರಿ.”

“ಪಾಪ,” ಎಂದಳು ಅಜ್ಜಿ. ಅನುಕಂಪ ಯಾರ ಮೇಲೆಂದು ಗೊತ್ತಾಗಲಿಲ್ಲ. ಎಲ್ಲರೂ ಮತ್ತೆ ಉಣ್ಣತೊಡಗಿದರು. ಸಂಬಂಧ ಗಟ್ಟಿಯಾಯಿತು. ಸಕ್ಕರೆಯ ತಾಟು ಬಂತು. ವರನ ಅತ್ತಿಗೆಯೊಬ್ಬಳು ಸೌಭಾಗ್ಯಳ ಗದ್ದ ಹಿಡಿದು, “ಬಾಯಿ ತಗೀರಿ ಅಕ್ಕಾ, ಶುಭಕಾರ್ಯದಾಗ ಸಪ್ಪಗ ನಿಂದರಬಾರದು,” ಎಂದು ಸಕ್ಕರೆ ತುರುಕಿದಳು. ಸೌಭಾಗ್ಯ ನುಂಗಿದಳು.

ತಿರುಗಿ ಬರುವ ಬಸ್ಸಿನಲ್ಲಿ ಸಂಗನಬಸವ, “ಮತ್ತ ಏನ್ ಅನಬೇಕಿತ್ತು ನಾನು? ಹುಡುಗಿ ಮುಖ ನೋಡಿದೆ,” ಎಂದ.

“ನನ್ನ ಮುಖಾನೂ ಅಲ್ಲೇ ಇತ್ತಲ್ರಿ.”

ಮರುದಿನ ಪರಗೊಂಡ ಬರಲಿಲ್ಲ. ಬಂದದ್ದು ಬುತ್ತಿ. ರೊಟ್ಟಿಯ ಅಡಿಯಲ್ಲಿ ಒಂದು ಪುಟ್ಟ ಕುಂಕುಮದ ಡಬ್ಬಿ, ಒಳಗೆ ಒರೆಸಿ ಖಾಲಿ ಮಾಡಿದ್ದು. ಫೋನಿನಲ್ಲಿ ಅಕ್ಕನಾಗಮ್ಮ, “ಮದಿವಿ ಒಂದ ಮುಗೀಲಿ ಬೇ. ಈಗ ದವಾಖಾನಿಗೆ ಹೋದ್ರ ಆಡಕೋತಾರ. ಅಲ್ಲೀ ತನಕ ಅದರಾಗ ಕಳಸು, ನಿನ್ನ ಕೈಲೇನ ಕಳಸು,” ಎಂದಳು. ಬೇಡಿಕೊಳ್ಳುವ ದನಿಯಲ್ಲೇ ಹೇಳಿದಳು.

ಸೌಭಾಗ್ಯ ಆ ದಿನ ತನ್ನ ಒಲೆಯ ಮೇಲೆ ಮೂವರಿಗೂ ಅಡುಗೆ ಮಾಡಿದಳು. ಬುತ್ತಿಯ ರೊಟ್ಟಿಯನ್ನು ಓಣಿಯ ದನಕ್ಕೆ ಹಾಕಿದಳು. ಡಬ್ಬಿ ತೊಳೆದು, ಒರೆಸಿ, ಬಟ್ಟೆ ಕಟ್ಟಿ ಸ್ಟ್ಯಾಂಡಿಗೆ ಒಯ್ದಳು. ಗೈಬುಸಾಬ ಅಲ್ಲಾಡಿಸಿ ನೋಡಿದ.

“ಸಕ್ರೀನೂ ಇಲ್ಲೇನ್ರಿ?”

“ಇಲ್ಲ.”

“ಖಾಲಿ ಡಬ್ಬಿ ಕಳಸಬಾರದ್ರಿ ಅಕ್ಕಾರ. ನಮ್ಮ ಮನ್ಯಾಗೂ ಕಳಸಂಗಿಲ್ಲ.”

“ಗೊತ್ತೈತ್ರಿ. ಹಂಗ ಕೊಡ್ರಿ.”

ಅದರ ಮರುದಿನ ಇಂಜಿನ್ ಮೇಲೆ ಅವಳ ಬುತ್ತಿ ಇರಲಿಲ್ಲ. ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ ಪರಗೊಂಡ ಇಳಿದ, ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು. ಇಳಿದು ಬಾಗಿಲ ಸರಳು ಹಿಡಿದು ನಿಂತ.

“ಡಬ್ಬಿ ನೋಡಿ ಅವ್ವ ನಿನ್ನೆ ಉಣ್ಣಲಿಲ್ಲ,” ಎಂದ. “ಮನಿ ಮುರದ್ಲು ಅಂದ್ಲು. ಬ್ಯಾಡ ಅಂತ ಅಡ್ಡ ನಿಂತಿದ್ಲು. ನಾ ಅಕಿನ್ನ ದಾಟಿ ಬಂದೆ.”

“ನಡೀರಿ,” ಎಂದಳು ಸೌಭಾಗ್ಯ.

ಬಸಗೊಂಡಪ್ಪ ಜೊತೆಗೆ ಬಂದ. ದವಾಖಾನೆಯಲ್ಲಿ ನರ್ಸ್ ಬಿಪಿ ಪಟ್ಟಿ ತಂದಾಗ ಸೌಭಾಗ್ಯ, “ಅಪ್ಪಾ, ನೀನೂ ತೋಳ ಕೊಡು,” ಎಂದಳು. ಮುದುಕ ಅಂಗಿಯ ತೋಳು ಕೆಳಗೆಳೆದುಕೊಂಡ. “ನನಗ್ಯಾಕವಾ? ನಾ ಇಲ್ಲೇ ಹುಟ್ಟಿದಾಂವ,” ಎನ್ನುತ್ತ ಚಹಾ ಕುಡಿಯಲು ಹೊರಗೆ ಹೋದವನು ಎಲ್ಲ ಮುಗಿಯುವವರೆಗೆ ತಿರುಗಿ ಬರಲಿಲ್ಲ.

ಡಾಕ್ಟರು ಇಸಿಜಿಯ ಪಟ್ಟಿಯನ್ನು ಎಳೆದೆಳೆದು ನೋಡಿದರು. ಇನ್ನೂ ಎರಡು ಪರೀಕ್ಷೆ ಬರೆದು, ಇವತ್ತೇ ಸೇರಿಕೊಳ್ಳಿ ಎಂದರು. “ಎಷ್ಟು ವರ್ಷ ಆಯ್ತು ಊರು ಬಿಟ್ಟು?” ಎಂದು ಕೇಳಿದರು.

“ಬಿಟ್ಟೇ ಇಲ್ರಿ,” ಎಂದ ಪರಗೊಂಡ. “ಇವತ್ತ ಬಂದೇನ್ರಿ.”

ಡಾಕ್ಟರು ಅವನನ್ನು ನೋಡಿದರು, ಮತ್ತೆ ಇಸಿಜಿಯ ಪಟ್ಟಿ ಎತ್ತಿಕೊಂಡರು.

ಅವನು ಉಳಿದ. ಬಬಲೇಶ್ವರಕ್ಕೆ ಸುದ್ದಿ ಮುಟ್ಟುತ್ತದೆಯೋ ಇಲ್ಲವೋ, ಮುಟ್ಟಿದರೆ ಏನಾಗುತ್ತದೆಯೋ, ಅದನ್ನು ಸೌಭಾಗ್ಯ ತಿಕೋಟಾದವರಿಗೇ ಬಿಟ್ಟಳು. ಅಕ್ಕನಾಗಮ್ಮ ದವಾಖಾನೆಗೆ ಬಂದು ಹಿರಿಮಗನ ಕಾಲ ಹತ್ತಿರ ಕೂತಳು. ಕಿರಿಸೊಸೆ ತಂದ ಗಂಜಿಯನ್ನು ಅವಳೇ ಚಮಚದಿಂದ ಕುಡಿಸಿದಳು. ಎಣ್ಣೆಯ ಮಾತೆತ್ತಲಿಲ್ಲ. ಸೊಸೆಯ ಜೊತೆ ಬೇರೆ ಮಾತೂ ಆಡಲಿಲ್ಲ.

ಮುಂದಿನ ಬೆಳಿಗ್ಗೆ ಸೌಭಾಗ್ಯ ಚಹಾಕ್ಕೆ ಇಟ್ಟು, ಗಂಡನ ಅಂಗೈಗೆ ಗುಳಿಗೆ ಕೊಟ್ಟಳು. ಅವನು ತಂಬಿಗೆ ಹಿಡಿದು ಹಿತ್ತಲ ಕಡೆ ಹೊರಟ.

“ಇಲ್ಲೇ ತಗೋರಿ.”

ಅವನು ನಿಂತು ಬಾಯಿಗೆ ಹಾಕಿಕೊಂಡು ನೀರು ಕುಡಿದ.

“ಬಾಯಿ ತಗೀರಿ.”

“ಏ, ನಾ ಏನ ಸಣ್ಣ ಹುಡುಗೇನ?” ಎಂದು ನಕ್ಕ. ತಮಾಷೆ ಎಂದುಕೊಂಡಿದ್ದ. ಕಾಲೇಜಿಗೆ ಹೊರಟಿದ್ದ ನೇತ್ರಾ ಚೀಲ ಹೆಗಲಿಗೇರಿಸುವುದನ್ನು ನಿಲ್ಲಿಸಿ ನೋಡಿದಳು.

“ತಗೀರಿ.”

ಅವನು ಬಾಯಿ ತೆರೆದ.

“ನಾಲಗಿ ಎತ್ತ್ರಿ.”

ಎತ್ತಿದ. ಅಲ್ಲಿ ಏನೂ ಇರಲಿಲ್ಲ. ಸೌಭಾಗ್ಯ ಆದರೂ ಬಾಗಿ ನೋಡುತ್ತಲೇ ಇದ್ದಳು. ಹಿಂದೆ ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು. ಅವಳು ತಿರುಗಲಿಲ್ಲ.